ಹವ್ಯಾಸಿ ಮೀನುಗಾರಿಕೆ: ದೋಣಿಯ ಪಥದರ್ಶಕ ಉಪಕರಣಗಳು ಮತ್ತು ಅತಿಥಿಯ ನಡವಳಿಕೆ

ಜೀವನೋಪಾಯಕ್ಕಾಗಿ ಅಲ್ಲದೆ ಸಂತೋಷಕ್ಕಾಗಿ ದೋಣಿಯೇರಿ ಹೋಗಿ ಗಾಳದಿಂದ ಮೀನು ಹಿಡಿಯುವುದು ಹವ್ಯಾಸಿ ಮೀನುಗಾರಿಕೆ. ಅಮೆರಿಕದ ಕರಾವಳಿಯಲ್ಲಿ, ಅದರಲ್ಲೂ ಮೆಕ್ಸಿಕೊ ಕೊಲ್ಲಿಯ ದಡದ ಅಲಬಾಮಾ ಮತ್ತು ಫ್ಲೋರಿಡಾ ರಾಜ್ಯಗಳಲ್ಲಿ, ಇದು ಬಹು ಜನರ ಬಿಡುವಿನ ಚಟುವಟಿಕೆ. ಸ್ವಂತ ದೋಣಿಯುಳ್ಳವರು ರಜೆಯ ದಿನ ಸ್ನೇಹಿತರನ್ನು ಜೊತೆಗೆ ಕರೆದೊಯ್ಯುವುದು ಅಲ್ಲಿ ರೂಢಿ. ಇಂಥ ದೋಣಿಯಲ್ಲಿ ದಾರಿ ತೋರುವ ಉಪಕರಣಗಳು ಯಾವುವು, ಅವುಗಳ ನಡುವೆ ಅತಿಥಿ ಹೇಗೆ ನಡೆದುಕೊಳ್ಳಬೇಕು ಎಂಬ ಎರಡು ಪ್ರಶ್ನೆಗಳಿಗೆ ಹತ್ತಿರದ ಸಂಬಂಧವಿದೆ.

ಸ್ಥಾನ ನಿರ್ಣಯ

ದೋಣಿಯ ಸ್ಥಾನವನ್ನು ತಿಳಿಸುವ ಮುಖ್ಯ ವ್ಯವಸ್ಥೆ ಜಿಪಿಎಸ್. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಭೂಮಿಯನ್ನು ಸುತ್ತುವ ಉಪಗ್ರಹಗಳು ಪರಮಾಣು ಗಡಿಯಾರದ ಸಮಯವನ್ನು ರೇಡಿಯೊ ಸಂಕೇತಗಳ ಮೂಲಕ ಸಾರುತ್ತಿರುತ್ತವೆ. ಸಂಕೇತ ತಲುಪಲು ಹಿಡಿದ ಕಾಲದಿಂದ ದೋಣಿಯಲ್ಲಿರುವ ಗ್ರಾಹಕವು ಪ್ರತಿ ಉಪಗ್ರಹದ ದೂರವನ್ನು ಲೆಕ್ಕ ಹಾಕುತ್ತದೆ. ಮೂರು ಆಯಾಮಗಳ ಸ್ಥಾನವನ್ನು ಕಂಡುಹಿಡಿಯಲು ಮತ್ತು ತನ್ನದೇ ಗಡಿಯಾರದ ದೋಷವನ್ನು ತಿದ್ದಿಕೊಳ್ಳಲು ಅದಕ್ಕೆ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ನಾಗರಿಕರಿಗೆ ದೊರೆಯುವ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರ್‌ವರೆಗೂ ತಪ್ಪಬಹುದಾಗಿದ್ದ ಲೆಕ್ಕ ಹತ್ತಾರು ಮೀಟರ್‌ಗೆ ಇಳಿಯಿತು. ವಾಸ್ ಎಂಬ ಪೂರಕ ವ್ಯವಸ್ಥೆ ಅದನ್ನು ಇನ್ನಷ್ಟು ನಿಖರಗೊಳಿಸಿದೆ. ಭಾರತದ ಗಗನ್ ವ್ಯವಸ್ಥೆಯದೂ ಅದೇ ತತ್ತ್ವ.

ಈ ಸ್ಥಾನವನ್ನು ವಿದ್ಯುನ್ಮಾನ ನಕಾಶೆಯ ಮೇಲೆ ಮೂಡಿಸುವ ಪರದೆಗೆ ಚಾರ್ಟ್‌ಪ್ಲಾಟರ್ ಎನ್ನುತ್ತಾರೆ. ಆಳ, ಬಂಡೆ, ಮುಳುಗಿದ ಹಡಗು, ದಾರಿ ತೋರುವ ಬೋಯೆ ಎಲ್ಲವೂ ಅದರಲ್ಲಿ ಕಾಣುತ್ತವೆ. ಆದರೆ ನಿಂತ ದೋಣಿಯ ಮೂತಿ ಯಾವ ಕಡೆಗಿದೆ ಎಂಬುದನ್ನು ಸಾಮಾನ್ಯ ಜಿಪಿಎಸ್ ಗ್ರಾಹಕ ಹೇಳಲಾರದು. ಅದಕ್ಕೆ ದಿಕ್ಸೂಚಿಯೇ ಬೇಕು.

ನೀರಿನಡಿಯ ನೋಟ

ಮೀನುಶೋಧಕ, ಅಂದರೆ ಫಿಶ್‌ಫೈಂಡರ್, ಸೋನಾರ್ ತತ್ತ್ವದ ಉಪಕರಣ. ದೋಣಿಯ ತಳದಲ್ಲಿರುವ ಟ್ರಾನ್ಸ್‌ಡ್ಯೂಸರ್ ವಿದ್ಯುತ್ ಸ್ಪಂದನವನ್ನು ಶಬ್ದವಾಗಿಸಿ ಕೆಳಗೆ ಕಳಿಸುತ್ತದೆ; ಮರಳಿ ಬಂದ ಪ್ರತಿಧ್ವನಿಯನ್ನು ಮತ್ತೆ ವಿದ್ಯುತ್ತಾಗಿಸುತ್ತದೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಹೀಗಾಗಿ 30 ಮೀಟರ್ ಆಳದ ತಳವನ್ನು ಮುಟ್ಟಿ ಬರಲು ಶಬ್ದಕ್ಕೆ ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗ ಸಾಕು. 50 ಕಿಲೊಹರ್ಟ್ಸ್‌ನ ಶಬ್ದ ಆಳಕ್ಕೆ ಇಳಿಯುತ್ತದೆ; 200 ಕಿಲೊಹರ್ಟ್ಸ್‌ನದು ಅಷ್ಟು ಆಳಕ್ಕೆ ಹೋಗದಿದ್ದರೂ ಸೂಕ್ಷ್ಮ ವಿವರಗಳನ್ನು ತೋರಿಸುತ್ತದೆ. ಪರದೆಯ ಮೇಲೆ ಮೀನನ್ನು ತೋರಿಸಿಕೊಡುವುದು ಬಹುಮಟ್ಟಿಗೆ ಅದರ ಮೈಯೊಳಗಿನ ಗಾಳಿಚೀಲ. ನೀರಿಗೂ ಗಾಳಿಗೂ ಸಾಂದ್ರತೆಯಲ್ಲಿ ಅಪಾರ ಅಂತರವಿರುವುದರಿಂದ ಶಬ್ದ ಅಲ್ಲಿ ಬಲವಾಗಿ ಪುಟಿಯುತ್ತದೆ. ಇಂಥ ಉಪಕರಣವನ್ನು ಮೊದಲು ವಾಣಿಜ್ಯ ಬಳಕೆಗೆ ತಂದದ್ದು ಜಪಾನಿನ ಫುರುನೊ ಸಹೋದರರು, 1948ರಲ್ಲಿ.

ರೇಡಾರ್

ಮಂಜು ಕವಿದಾಗಲೂ ಇರುಳಿನಲ್ಲಿಯೂ ಇತರ ದೋಣಿಗಳನ್ನು ರೇಡಾರ್ ತೋರಿಸುತ್ತದೆ. ಎಲ್ಲ ಸಣ್ಣ ದೋಣಿಗಳಲ್ಲಿ ಅದು ಇರುವುದಿಲ್ಲ. ಇದ್ದರೂ, 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಐದನೆಯ ನಿಯಮದಂತೆ ಕಣ್ಣು ಮತ್ತು ಕಿವಿಗಳ ಕಾವಲು ಯಾವಾಗಲೂ ಇರಲೇಬೇಕು. ಈ ಕೆಲಸದಲ್ಲಿ ಅತಿಥಿ ನಿಜಕ್ಕೂ ನೆರವಾಗಬಲ್ಲ. ತೇಲುವ ಮರದ ದಿಮ್ಮಿಯನ್ನೋ ಏಡಿ ಬೋನಿನ ಬೋಯೆಯನ್ನೋ ಕಂಡೊಡನೆ ಕೂಗಿ ಹೇಳುವುದು ಅವನ ಹಕ್ಕೂ ಹೌದು, ಕರ್ತವ್ಯವೂ ಹೌದು.

‘ನಂಬರು’ಗಳ ಗುಟ್ಟು

ಮೀನು ಸಿಗುವ ಜಾಗದ ಅಕ್ಷಾಂಶ ರೇಖಾಂಶಗಳನ್ನು ಅಲ್ಲಿನ ಹವ್ಯಾಸಿಗಳು ‘ನಂಬರು’ ಎಂದೇ ಕರೆಯುತ್ತಾರೆ. ಅಕ್ಷಾಂಶದ ಒಂದು ಮಿನಿಟು ಒಂದು ನೌಕಾ ಮೈಲಿಗೆ, ಅಂದರೆ 1,852 ಮೀಟರ್‌ಗೆ, ಹೆಚ್ಚುಕಡಿಮೆ ಸಮ. ಮಿನಿಟಿನ ಸಾವಿರದ ಒಂದು ಭಾಗ ಎರಡು ಮೀಟರ್‌ಗಿಂತಲೂ ಕಡಿಮೆ. ಒಂದು ಸಣ್ಣ ಬಂಡೆಯನ್ನು ಸಮುದ್ರದಲ್ಲಿ ಮತ್ತೆ ಹುಡುಕಲು ಅಷ್ಟೇ ಸಾಕು.

ಈ ಅಂಕಿಗಳಿಗೆ ಏಕಿಷ್ಟು ಬೆಲೆ ಎಂಬುದಕ್ಕೆ ಅಲಬಾಮಾ ಒಳ್ಳೆಯ ನಿದರ್ಶನ. ಅಲ್ಲಿನ ಕಡಲ ತಳ ಬಹುಮಟ್ಟಿಗೆ ಸಪಾಟಾದ ಮರಳು, ಕೆಸರು. ರೆಡ್ ಸ್ನ್ಯಾಪರ್ ಮೀನಿಗೆ ಆಸರೆಯಾಗುವ ಬಂಡೆಗಳು ವಿರಳ. 1953ರಲ್ಲಿ 250 ಹಳೆಯ ಕಾರುಗಳ ಕವಚಗಳನ್ನು ಮುಳುಗಿಸಿ ಕೃತಕ ದಿಬ್ಬಗಳ ನಿರ್ಮಾಣ ಆರಂಭವಾಯಿತು. ನಿಗದಿತ ವಲಯಗಳಲ್ಲಿ ಖಾಸಗಿಯವರೂ ಅನುಮತಿ ಪಡೆದು ಸ್ವಂತ ಖರ್ಚಿನಲ್ಲಿ ದಿಬ್ಬ ಹಾಕಬಹುದು. ಅದರ ಸ್ಥಾನ ಹಾಕಿದವರಿಗೆ ಮಾತ್ರ ಗೊತ್ತು. ನಾಟಿ ವೈದ್ಯರು ಮೂಲಿಕೆ ಬೆಳೆಯುವ ಜಾಗವನ್ನು ಕಾಪಾಡಿಕೊಳ್ಳುವಂತೆ ಅವರು ಅದನ್ನು ಕಾಪಾಡಿಕೊಳ್ಳುತ್ತಾರೆ.

ಆದ್ದರಿಂದ ಅತಿಥಿ ಮಾಡಬಾರದ ಕೆಲಸಗಳಲ್ಲಿ ಮೊದಲನೆಯದು, ಆ ಜಾಗದಲ್ಲಿ ತನ್ನ ಮೊಬೈಲ್ ತೆಗೆದು ಸ್ಥಾನ ಗುರುತಿಸಿಕೊಳ್ಳುವುದು. ಪರದೆಯ ಫೋಟೊ ತೆಗೆಯುವುದೂ ಅದೇ ತಪ್ಪು. ಹಿಡಿದ ಮೀನಿನ ಚಿತ್ರ ತೆಗೆಯುವಾಗ ಹಿನ್ನೆಲೆಯಲ್ಲಿ ಚಾರ್ಟ್‌ಪ್ಲಾಟರ್ ಬಾರದಂತೆ ನೋಡಿಕೊಳ್ಳಬೇಕು. ಚಿತ್ರದ ಕಡತದಲ್ಲಿಯೇ ಸ್ಥಾನದ ಮಾಹಿತಿ ಸೇರಿಕೊಳ್ಳಬಹುದಾದ್ದರಿಂದ ಫೋನಿನ ಆ ಸೌಲಭ್ಯವನ್ನು ನಿಷ್ಕ್ರಿಯಗೊಳಿಸುವುದು ಒಳ್ಳೆಯದು. ಇದನ್ನು ಬರೀ ಶಿಷ್ಟಾಚಾರವೆಂದು ತಳ್ಳಿಹಾಕುವಂತಿಲ್ಲ. ಹಲವು ವರ್ಷಗಳ ಹುಡುಕಾಟದ ಫಲವನ್ನು ನಂಬಿ ತೋರಿಸಿದವರಿಗೆ ಸಲ್ಲಬೇಕಾದ ಪ್ರಾಮಾಣಿಕತೆ ಅದು.

ದೋಣಿಯ ಮೇಲಿನ ಇತರ ರೀತಿ ನೀತಿ

ಹೇಳಿದ ಹೊತ್ತಿಗಿಂತ ಮೊದಲೇ ದಕ್ಕೆ ತಲುಪುವುದು, ಕಲೆ ಬೀಳಿಸದ ಮೆತ್ತನೆಯ ಅಡಿಯ ಚಪ್ಪಲಿ ಧರಿಸುವುದು, ಸಾಮಾನನ್ನು ಒಂದೇ ಚೀಲದಲ್ಲಿ ತರುವುದು ಎಲ್ಲೆಡೆಯೂ ಇರುವ ನಿರೀಕ್ಷೆ. ಹಲವರು ದೋಣಿಯಲ್ಲಿ ಬಾಳೆಹಣ್ಣು ಅಪಶಕುನವೆಂದು ನಂಬುತ್ತಾರೆ. ಅದನ್ನು ಮನೆಯಲ್ಲೇ ಬಿಟ್ಟು ಬಂದರೆ ನಷ್ಟವಿಲ್ಲ. ಅಯಸ್ಕಾಂತವಿರುವ ಮೊಬೈಲ್ ಕವಚ ಅಥವಾ ಸ್ಪೀಕರನ್ನು ದಿಕ್ಸೂಚಿಯ ಬಳಿ ಇಟ್ಟರೆ ಅದರ ಮುಳ್ಳು ದಾರಿ ತಪ್ಪುತ್ತದೆ. ಸೊಳ್ಳೆ ನಿವಾರಕದ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆಯಾದ್ದರಿಂದ ಅದನ್ನು ಸವರಿದ ಕೈಯಿಂದ ಪರದೆಯನ್ನು ಮುಟ್ಟಬಾರದು. ಇರುಳಿನಲ್ಲಿ ಬಿಳಿ ಟಾರ್ಚ್ ಹಚ್ಚಿದರೆ ಚುಕ್ಕಾಣಿ ಹಿಡಿದವರ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಬಹಳ ಹೊತ್ತು ಬೇಕು. ಕೆಂಪು ಬೆಳಕು ಉತ್ತಮ.

ಇಂಧನದ ಖರ್ಚಿನಲ್ಲಿ ಪಾಲು ಕೊಡಲು ಅತಿಥಿ ತಾನಾಗಿ ಮುಂದಾಗಬೇಕು. ಸ್ವಇಚ್ಛೆಯಿಂದ ನಿಜವಾದ ಖರ್ಚನ್ನು ಹಂಚಿಕೊಳ್ಳಲು ಅಮೆರಿಕದ ಕಾನೂನಿನಲ್ಲಿ ಅಡ್ಡಿಯಿಲ್ಲ. ಆದರೆ ಹಣ ಕೊಡುವುದೇ ಪ್ರಯಾಣದ ಷರತ್ತಾದರೆ ಅದು ಬಾಡಿಗೆ ಪ್ರಯಾಣ, ಆಗ ನಾವಿಕನಿಗೆ ಕೋಸ್ಟ್ ಗಾರ್ಡ್ ಪರವಾನಗಿ ಬೇಕಾಗುತ್ತದೆ. ದಡಕ್ಕೆ ಮರಳಿದ ಮೇಲೆ ಸಿಹಿನೀರಿನಿಂದ ದೋಣಿಯನ್ನು ತೊಳೆಯುವ ತನಕ ಉಳಿದು ಕೈಜೋಡಿಸುವವರಿಗೆ ಮತ್ತೆ ಕರೆ ಬರುತ್ತದೆ.

ಅಪಾಯದ ವೇಳೆ

ದೋಣಿ ನಡೆಸುವವರೇ ನೀರಿಗೆ ಬೀಳಬಹುದು ಅಥವಾ ಎಚ್ಚರ ತಪ್ಪಬಹುದು. ಆಗ ಉಪಕರಣಗಳು ಅತಿಥಿಯ ಕೈಗೆ ಬರುತ್ತವೆ. ಯಾರಾದರೂ ನೀರಿಗೆ ಬಿದ್ದರೆ ಚಾರ್ಟ್‌ಪ್ಲಾಟರ್‌ನ ‘ಎಂಒಬಿ’ ಗುಂಡಿ ಒತ್ತಿದ ಕ್ಷಣದ ಸ್ಥಾನವನ್ನು ದಾಖಲಿಸುತ್ತದೆ. ಆದರೆ ಬಿದ್ದವರು ಪ್ರವಾಹದೊಂದಿಗೆ ಸಾಗುತ್ತಿರುತ್ತಾರೆ; ಒಬ್ಬರು ಕಣ್ಣು ಕದಲಿಸದೆ ಅವರತ್ತ ಕೈ ತೋರಿಸುತ್ತಲೇ ನಿಲ್ಲಬೇಕು. ನೆರವಿಗಾಗಿ ವಿಎಚ್‌ಎಫ್ ರೇಡಿಯೊದ 16ನೆಯ ಚಾನೆಲ್‌ನಲ್ಲಿ ‘ಮೇಡೇ’ ಎಂದು ಮೂರು ಬಾರಿ ಹೇಳಿ, ದೋಣಿಯ ಹೆಸರು, ಸ್ಥಾನ, ಜನರ ಸಂಖ್ಯೆ ಮತ್ತು ಅಪಾಯದ ಸ್ವರೂಪವನ್ನು ತಿಳಿಸಬೇಕು. ಡಿಎಸ್‌ಸಿ ಸೌಲಭ್ಯವಿರುವ ರೇಡಿಯೊದಲ್ಲಿ ಮುಚ್ಚಳದಡಿಯ ಕೆಂಪು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಕರೆ ತಾನಾಗಿ ಹೋಗುತ್ತದೆ. ರೇಡಿಯೊಗೆ ಜಿಪಿಎಸ್ ಜೋಡಿಸಿದ್ದರೆ ಸ್ಥಾನವೂ ಜೊತೆಗೆ ತಲುಪುತ್ತದೆ. ಅತಿಥಿಯಾಗಿ ಹೊರಡುವವರು ಈ ಎರಡು ಗುಂಡಿಗಳು, ಎಂಜಿನ್ ನಿಲ್ಲಿಸುವ ಸ್ವಿಚ್ ಮತ್ತು ಜೀವರಕ್ಷಕ ಜಾಕೆಟ್ ಎಲ್ಲಿವೆ ಎಂಬುದನ್ನು ದಕ್ಕೆ ಬಿಡುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು.