ಮುಂದಿನ ಸಂತೆಗೆ ಬಿಟ್ಟ ಬುಡ

ನಮ್ಮಜ್ಜಿಯ ಕುಡುಗೋಲು ಅಂಗೈಗಿಂತ ಸ್ವಲ್ಪ ಉದ್ದ. ಮಸೆದು ಮಸೆದು ಅಲಗು ತೆಳ್ಳಗಾಗಿತ್ತು. ಹರಿವೆ ಕೊಯ್ಯುವಾಗ ಎಡಗೈಯಲ್ಲಿ ಒಂದು ಹಿಡಿ ಗಿಡ ಬಾಚಿ ಹಿಡಿದು, ನೆಲದಿಂದ ನಾಲ್ಕು ಬೆರಳು ಬಿಟ್ಟು, ಓರೆಯಾಗಿ ಒಮ್ಮೆ ಎಳೆಯುತ್ತಿದ್ದಳು. ಪಾಲಕ್‌ಗಾದರೆ ಎರಡೇ ಬೆರಳು. ಕಟ್ಟು ದಪ್ಪ ಕಾಣಲಿ ಎಂದು ನಾನು ಇನ್ನೂ ಕೆಳಕ್ಕೆ ಕೈಹಾಕಿದರೆ ಬದುವಿನಾಚೆಯಿಂದಲೇ ಕೂಗು ಬರುತ್ತಿತ್ತು: “ಬುಡ ಬಿಟ್ಟು ಕುಯ್ಯವ್ವ, ಅದು ಮುಂದಿನ ಸಂತೇದು.”

ಹಾಗೆ ಪಾತಿಯಲ್ಲಿ ಉಳಿದ ಮೋಟು ಬುಡಕ್ಕೆ ನಮ್ಮ ಮನೆಯಲ್ಲಿ ಕೂಳೆ ಎನ್ನುತ್ತಿದ್ದರು. ಈ ಮಾತು ಮಂಡ್ಯದವರಿಗೆ ಚೆನ್ನಾಗಿ ಗೊತ್ತು. 1930ರ ದಶಕದಲ್ಲಿ ಕನ್ನಂಬಾಡಿಯ ನಾಲೆ ನೀರೂ ಸಕ್ಕರೆ ಕಾರ್ಖಾನೆಯೂ ಬಂದ ಮೇಲೆ ಅಲ್ಲಿ ಮನೆಮನೆಯ ಲೆಕ್ಕವೇ ತನಿ ಕಬ್ಬು, ಕೂಳೆ ಕಬ್ಬು ಎಂದಾಯಿತು. ಕಬ್ಬಿನ ಕೂಳೆಯನ್ನು ಎಕರೆಯಲ್ಲಿ ಅಳೆದು ಬರೆದಿಟ್ಟರು. ಸೊಪ್ಪಿನ ಕೂಳೆಯನ್ನು ಹುಡುಕಬೇಕಾದರೆ ಬೆಂಗಳೂರಿನ ಕೆರೆಗಳ ಹಿಂಭಾಗಕ್ಕೆ, ಅಂದರೆ ಈಗ ಬಸ್ಸು ನಿಲ್ಲುವ, ಜನ ಓಡುವ, ಕಟ್ಟಡ ಎದ್ದಿರುವ ಜಾಗಗಳಿಗೇ ಹೋಗಬೇಕು.

ನಾವು ತಿಗಳರು. ಸಿದ್ದಾಪುರದಲ್ಲಿ, ಲಾಲ್‌ಬಾಗಿನ ಬೇಲಿಯಾಚೆ, ನಮ್ಮ ತೋಟವಿತ್ತು. 1760ರಲ್ಲಿ ಹೈದರಾಲಿ ಹಾಕಿಸಿದ ಆ ದೊಡ್ಡ ತೋಟದ ಕತೆಯನ್ನು ಎಲ್ಲರೂ ಬರೆದಿದ್ದಾರೆ. ಅದರ ಸುತ್ತ, ಊರಿನ ಕೆರೆಗಳ ಅಂಚಿನಲ್ಲಿ, ಪೇಟೆಗೂ ದಂಡಿಗೂ ದಿನದಿನದ ಸೊಪ್ಪು ತರಕಾರಿ ಬೆಳೆದುಕೊಟ್ಟ ಸಣ್ಣ ತೋಟಗಳ ಕತೆ ನನಗೆ ಅದಕ್ಕಿಂತ ಮುಖ್ಯ. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ: ನಮ್ಮ ಹಿರಿಯರ ಬಾಯಲ್ಲಿ ಇವು ದೇವರ ಹೆಸರಿನಂತೆ ಬರುತ್ತಿದ್ದವು.

ಕೂಳೆ ಚಿಗುರುವುದು ಹೇಗೆಂದು ಅಜ್ಜಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಅವಳ ಬೆರಳಿನ ಅಳತೆ ತಪ್ಪುತ್ತಿರಲಿಲ್ಲ. ಹರಿವೆಯ ತುದಿ ಕುಡಿ ಇರುವವರೆಗೆ ಕೆಳಗಿನ ಗೆಣ್ಣುಗಳ ಕಣ್ಣು ಮಲಗಿರುತ್ತವೆ. ತುದಿ ಹೋದೊಡನೆ ಅವು ಏಳುತ್ತವೆ, ಒಂದು ದಂಟಿದ್ದ ಕಡೆ ಮೂರು ನಾಲ್ಕು ಕವಲು. ಆದ್ದರಿಂದ ಎರಡು ಮೂರು ಗೆಣ್ಣಾದರೂ ಉಳಿಯಬೇಕು. ಪಾಲಕ್ಕಿನ ಜೀವ ಇರುವುದು ಮಣ್ಣಿಗೆ ಅಂಟಿದಂತಿರುವ ನೆತ್ತಿಯಲ್ಲಿ. ಅಲ್ಲಿಗೆ ಅಲಗು ತಗುಲಿದರೆ ಮುಗಿಯಿತು. ಪುದೀನ ಮಣ್ಣೊಳಗೇ ಬಳ್ಳಿ ಹರಿಸಿಕೊಂಡಿರುವುದರಿಂದ ಅದಕ್ಕೆ ಹೆಚ್ಚಿನ ಭಯವಿಲ್ಲ. ಮೆಂತ್ಯ, ಕೊತ್ತಂಬರಿಯನ್ನು ನಮ್ಮಲ್ಲಿ ಬೇರುಸಹಿತ ಕೀಳುತ್ತಿದ್ದರು. ಬಿತ್ತಿದ ತಿಂಗಳಿಗೆ ಹರಿವೆಯ ಮೊದಲ ಕೊಯ್ಲು, ಆಮೇಲೆ ಎರಡು ವಾರಕ್ಕೋ ಮೂರು ವಾರಕ್ಕೋ ಒಂದೊಂದು. ಕೊಯ್ದ ದಿನ ನೀರು ಬಿಡಬಾರದು, ಗಾಯ ಆರಲಿ ಎನ್ನುತ್ತಿದ್ದಳು ಅಜ್ಜಿ. ಮಾರನೆಯ ದಿನ ಸಾಲಿನ ನಡುವೆ ಪುಡಿಗೊಬ್ಬರ ಎರಚಿ, ಕೈಯಲ್ಲೇ ಮಣ್ಣು ಕೆದಕಿ, ಕಪಿಲೆಯ ನೀರು ತಿರುಗಿಸುತ್ತಿದ್ದರು. ಹೂವಿನ ತೆನೆ ಇಣುಕಲು ಶುರುವಾದಾಗ ಆ ಪಾತಿಯ ಆಟ ಮುಗಿಯಿತೆಂದು ಲೆಕ್ಕ.

ಕೂಳೆ ಬಿಡುವವನಿಗೆ ಎರಡು ಧೈರ್ಯ ಬೇಕು. ಮೂರು ವಾರ ಕಳೆದ ಮೇಲೂ ನೀರು ಇರುತ್ತದೆ ಎಂಬುದು ಒಂದು, ಆ ನೆಲ ತನ್ನ ಕೈಯಲ್ಲೇ ಇರುತ್ತದೆ ಎಂಬುದು ಇನ್ನೊಂದು. ಬೆಂಗಳೂರು ಈ ಎರಡನ್ನೂ ಒಂದರ ಹಿಂದೆ ಒಂದರಂತೆ ತೆಗೆದುಕೊಂಡಿತು.

ಮೊದಲು ಹೋದದ್ದು ನೀರು. 1890ರ ದಶಕದಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ಊರಿಗೆ ಕೊಳಾಯಿ ನೀರು ಬಂತು. ಕುಡಿಯಲು ಬೇರೆ ನೀರು ಸಿಕ್ಕ ಮೇಲೆ ಊರೊಳಗಿನ ಕೆರೆಗಳ ಕಾಳಜಿ ಯಾರಿಗಿರುತ್ತದೆ? ಇತ್ತು, ತೋಟಗಾರರಿಗಿತ್ತು. ಸಂಪಂಗಿ ಕೆರೆಯಂಗಳ ಪೋಲೋ ಆಡಲು ಒಣಗಿರಲಿ ಎನ್ನುವವರು ಒಂದು ಕಡೆ, ನೀರು ನಿಲ್ಲಲಿ ಎಂದು ಬೇಡಿದ ತೋಟದವರು ಇನ್ನೊಂದು ಕಡೆ. ಗೆದ್ದವರು ಯಾರೆಂದು ತಿಳಿಯಲು ದಾಖಲೆ ತೆರೆಯಬೇಕಿಲ್ಲ, ಅಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಧರ್ಮಾಂಬುಧಿಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ. ಸಂಪಂಗಿಯಲ್ಲಿ ಒಂದು ಪುಟ್ಟ ಕೊಳ ಮಾತ್ರ ಉಳಿದಿದ್ದು, ಚೈತ್ರದಲ್ಲಿ ಹಸಿ ಕರಗಕ್ಕೆ ನಾವು ಇಂದಿಗೂ ಅಲ್ಲಿಗೇ ಹೋಗುತ್ತೇವೆ. ಪ್ರತಿ ವರ್ಷವೂ ಆ ಕೊಳದ ಮುಂದೆ ನಿಂತಾಗ ನನಗೆ ಕೊಯ್ದ ಪಾತಿಯೇ ಕಣ್ಣಿಗೆ ಕಟ್ಟುತ್ತದೆ. ಇಷ್ಟು ದೊಡ್ಡ ಕೆರೆಯಲ್ಲಿ ನಾಲ್ಕು ಬೆರಳಾದರೂ ಬಿಟ್ಟಿದ್ದಾರಲ್ಲ ಎನಿಸುತ್ತದೆ.

ಸಿದ್ದಾಪುರದ ನಮ್ಮ ತೋಟಕ್ಕೆ ಬಾವಿಯಿದ್ದುದರಿಂದ ಅದು ನನ್ನ ಬಾಲ್ಯದವರೆಗೂ ಬದುಕಿತ್ತು. ಬೆಳಗಿನ ಜಾವ ಮೂರಕ್ಕೆ ಲಾಟೀನು ಹಿಡಿದು ಕೊಯ್ದು, ಬಾಳೆನಾರಿನಲ್ಲಿ ಕಟ್ಟು ಕಟ್ಟಿ, ಮಂಕರಿ ತುಂಬಿಕೊಂಡು ಅಜ್ಜಿ, ಅವ್ವ ಮತ್ತು ಚಿಕ್ಕಮ್ಮ ನಡೆದೇ ಸಿಟಿ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಮುಕ್ಕಾಲು ಗಂಟೆಯ ದಾರಿ. ಕೊಯ್ದ ಸೊಪ್ಪಿನ ಮೇಲಿನ ಇಬ್ಬನಿ ಆರುವ ಮುಂಚೆಯೇ ಅದು ಯಾರದೋ ಅಡುಗೆಮನೆ ಸೇರಿರುತ್ತಿತ್ತು.

ಆಮೇಲೆ ನೆಲ ಹೋಯಿತು. ಬಡಾವಣೆಗೆಂದು ಅಳತೆ ಮಾಡಿದವರು ಬಂದಾಗ ಪಾತಿಯಲ್ಲಿ ಎರಡನೆಯ ಚಿಗುರು ಗೇಣುದ್ದ ಬೆಳೆದಿತ್ತು. ಅಪ್ಪ ಹದಿನೈದು ದಿನ ಕೇಳಿದರು, ಕೊಡಲಿಲ್ಲ. ಸಿಕ್ಕ ಪರಿಹಾರ ಅಕ್ಕನ ಮದುವೆಗೇ ಸಾಲಲಿಲ್ಲ. ಆನೇಕಲ್ಲಿನ ಕಡೆ ಒಂದು ಎಕರೆ ಗುತ್ತಿಗೆಗೆ ಹಿಡಿದೆವು, ಅದೂ ವರ್ಷ ವರ್ಷದ ಮಾತು. ಅಲ್ಲಿ ಅಪ್ಪ ಮೊದಲ ಬೆಳೆಯನ್ನು ಬೇರುಸಹಿತ ಕಿತ್ತರು.

ಅಜ್ಜಿ ಆ ದಿನ ಊಟ ಮಾಡಲಿಲ್ಲ. ಅಪ್ಪನ ಲೆಕ್ಕವೂ ತಪ್ಪಿರಲಿಲ್ಲ. ಟೆಂಪೋ ಮಾರ್ಕೆಟ್ಟು ತಲುಪುವಷ್ಟರಲ್ಲಿ ಕೊಯ್ದ ಸೊಪ್ಪು ಬಾಡಿ ತಲೆ ಬಗ್ಗಿಸುತ್ತಿತ್ತು. ಬೇರು ತೊಳೆದು, ಒದ್ದೆ ಗೋಣಿ ಹೊದಿಸಿ ತಂದ ದಂಟು ಸಂಜೆಯವರೆಗೂ ನಿಲ್ಲುತ್ತಿತ್ತು. ಕಿತ್ತ ಪಾತಿಯನ್ನು ಅಗೆದು ಮತ್ತೆ ಬಿತ್ತಿದರೆ ತಿಂಗಳಿಗೆ ಇನ್ನೊಂದು ಬೆಳೆ ಕೈಗೆ ಬರುತ್ತಿತ್ತು; ಗುತ್ತಿಗೆ ಯಾವಾಗ ಬಿಡಿಸಿದರೂ ನೆಲದಲ್ಲಿ ನಮ್ಮದೆಂಬುದು ಏನೂ ಉಳಿದಿರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕೂಳೆಯ ಪದ್ಧತಿ ನಿಂತದ್ದು ಯಾರೂ ಅದನ್ನು ಮರೆತುದರಿಂದ ಅಲ್ಲ. ಊರು ನಮ್ಮನ್ನು ಮಾರ್ಕೆಟ್ಟಿನಿಂದ ಅಷ್ಟು ದೂರ ತಳ್ಳಿತು.

ಹೆಸರಘಟ್ಟದ ಹೆಸರು ನಮ್ಮ ಬದುಕಿನಲ್ಲಿ ಇನ್ನೊಮ್ಮೆ ಬಂತು. ಅಲ್ಲಿ 1960ರ ದಶಕದ ಕೊನೆಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನೆಲೆಯೂರಿತು. ಅವರು ಹೊರತಂದ ಅರ್ಕಾ ಸುಗುಣ, ಅರ್ಕಾ ಅರುಣಿಮಾ ಎಂಬ ದಂಟಿನ ತಳಿಗಳು ಮತ್ತೆ ಮತ್ತೆ ಕೊಯ್ಯುವಂಥವು. ಸುಗುಣವನ್ನು ಮೂರು ತಿಂಗಳಲ್ಲಿ ಐದಾರು ಸಲ ಕೊಯ್ಯಬಹುದು. ಕೀಳುವವರಿಗೆಂದೇ ಅರ್ಕಾ ಸಂರಕ್ಷಾ, ಅರ್ಕಾ ವರ್ಣ ಎಂಬ ಬೇರೆ ತಳಿಗಳಿವೆ. ನನ್ನ ತಮ್ಮ ಬೀಜದ ಪೊಟ್ಟಣ ತಂದಾಗ ನಾನು ಓದಿ ಹೇಳಿದೆ: ಇದು ಕೊಯ್ಯೋ ಜಾತಿ, ಅದು ಕೀಳೋ ಜಾತಿ. ಅಜ್ಜಿ ಆಗ ಹಾಸಿಗೆ ಹಿಡಿದಿದ್ದಳು. ಕೊಯ್ಯುವ ಬೀಜವನ್ನು ಅಂಗೈಗೆ ಹಾಕಿಸಿಕೊಂಡು ತುಂಬ ಹೊತ್ತು ಬೆರಳಲ್ಲಿ ಉಜ್ಜುತ್ತ ಮಲಗಿದ್ದಳು.

ಹಿತ್ತಿಲಿನಲ್ಲಿ ಮಾತ್ರ ಅವಳ ಪದ್ಧತಿ ನಿಂತಿರಲಿಲ್ಲ. ಬಚ್ಚಲ ನೀರು ಹರಿದುಹೋಗುವಲ್ಲಿ ಪುದೀನ, ಹೊನಗೊನ್ನೆ. ಕಾಂಪೌಂಡಿಗೆ ಹಬ್ಬಿಸಿದ ಬಸಳೆ. ಹೊನಗೊನ್ನೆಯ ಕಡ್ಡಿಗಳನ್ನು ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆಲ್ಲ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟು ಕಳಿಸುತ್ತಿದ್ದಳು. ನನ್ನದು ಹನ್ನೊಂದು ಮನೆ ಬದಲಾಯಿಸಿ ಈಗ ಮೂರನೆಯ ಮಹಡಿಯ ಕುಂಡದಲ್ಲಿದೆ.

ಅದರ ಪಕ್ಕದ ಕುಂಡದ ಕತೆ ಬೇರೆ. ಈಗ ಕೊಳ್ಳುವ ದಂಟಿನ ಕಟ್ಟು ಬೇರಿನೊಡನೆ ಬರುತ್ತದಷ್ಟೆ. ತೋಟದಲ್ಲಿ ಉಳಿಯಬೇಕಾಗಿದ್ದ ಬುಡ ನಮ್ಮ ಅಡುಗೆಮನೆಯವರೆಗೆ ಬಂದು ಕಸದ ಬುಟ್ಟಿ ಸೇರುತ್ತದೆ. ಅದನ್ನು ನೋಡಿ ತಡೆಯಲಾಗದೆ, ಬೇರು ಮುರಿಯದ ಹತ್ತು ಗಿಡ ಆರಿಸಿ, ನಾಲ್ಕು ಬೆರಳು ಅಳೆದು ಓರೆಯಾಗಿ ಕತ್ತರಿಸಿ, ಬುಡಗಳನ್ನು ಸಂಜೆ ಹೊತ್ತು ನೆಟ್ಟೆ. ಮೂರು ಬಾಡಿದವು. ಏಳು ಗೆಣ್ಣಿನಲ್ಲಿ ಕೆಂಪು ಕಣ್ಣು ಬಿಟ್ಟವು. ಮೊನ್ನೆ ಗುರುವಾರ ಅವುಗಳ ಎರಡನೆಯ ಕೊಯ್ಲು. ಬಸ್ಸಾರಿಗೆ ಸಾಲದು, ಹೆಸರುಬೇಳೆ ಹಾಕಿ ಇಬ್ಬರಿಗೆ ಪಲ್ಯವಾಯಿತು. ಗುರುವಾರ ನೀರು ಹಾಕಲಿಲ್ಲ. ಶುಕ್ರವಾರ ಬೆಳಿಗ್ಗೆ ಹಾಕಿದೆ.