ಕರಿಕೋಟು ತೊಟ್ಟವಳ ದೂರು

ನೆಲಮಂಗಲದ ಕೋರ್ಟಿಗೆ ವಾಯಿದೆಗೆಂದು ಹೋಗುವ ನಮ್ಮ ಜನ ಕರಿಕೋಟು ಕಂಡರೆ ಈಗಲೂ ಕೈಮುಗಿಯುತ್ತಾರೆ. ಇವತ್ತು ಆ ಕೋಟಿನೊಳಗೆ ನಮ್ಮ ಕೇರಿಗಳ ಹೆಣ್ಣುಮಕ್ಕಳೂ ಇದ್ದಾರೆ. ಕೂಲಿ ಮಾಡಿ ಓದಿಸಿದವರ ಮಕ್ಕಳು. ಸೀನಿಯರ್ ವಕೀಲನ ಕೈ ಎಲ್ಲೆ ಮೀರಿದರೆ ಆ ಹುಡುಗಿ ಎಲ್ಲಿಗೆ ಹೋಗಬೇಕು? ಊರಿನವರ ದೂರು ಬರೆಯುವವಳ ದೂರು ಬರೆಯೋರು ಯಾರು?

ಈ ಪ್ರಶ್ನೆಗೊಂದು ಚರಿತ್ರೆ ಇದೆ. 1916ರಲ್ಲಿ ರೆಜಿನಾ ಗುಹಾ ವಕೀಲಿಕೆಗೆ ಅರ್ಜಿ ಹಾಕಿದಾಗ ಕಲ್ಕತ್ತಾ ಹೈಕೋರ್ಟ್ ಕಾನೂನಿನ 'ವ್ಯಕ್ತಿ' ಅನ್ನೋ ಪದದಲ್ಲಿ ಹೆಂಗಸು ಸೇರುವುದಿಲ್ಲ ಎಂದಿತು. 1921ರಲ್ಲಿ ಪಟ್ನಾದಲ್ಲಿ ಸುಧಾಂಶುಬಾಲಾ ಹಜ್ರಾ ಅವರಿಗೂ ಬಾಗಿಲು ಮುಚ್ಚಿತು. 1923ರ ಕಾಯಿದೆ ಬಾಗಿಲು ತೆರೆಯಿತು. ಒಳಗಿನ ಮನೆ ಮಾತ್ರ ಗಂಡಸಿನದಾಗೇ ಉಳಿಯಿತು.

ಇವತ್ತು ಹೆಣ್ಣಿಗೆ ಕೆಲಸದ ಜಾಗದಲ್ಲಿ ಇರುವ ರಕ್ಷಣೆ ಕರಿಕೋಟಿನವರು ಕೊಟ್ಟ ಭಿಕ್ಷೆಯಲ್ಲ. ಅದರ ಹಿಂದೆ ರಾಜಸ್ಥಾನದ ಭಟೇರಿ ಗ್ರಾಮದ ಕುಂಬಾರ ಜಾತಿಯ ಭಂವರಿ ದೇವಿ ಇದ್ದಾರೆ. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಮೇಲ್ಜಾತಿಯವರು ಕೆಳಜಾತಿಯವಳನ್ನು ಮುಟ್ಟುವುದುಂಟೇ ಅನ್ನೋ ತರ್ಕ! ಕೆರೆ ನೀರಿಗೆ ಮಾತ್ರ ಮೈಲಿಗೆ, ಹೆಣ್ಣಿನ ಮೈಗೆ ಬಿದ್ದಾಗ ಇವರಿಗೆ ಯಾವ ಮೈಲಿಗೆ ಸ್ವಾಮಿ? ಆ ಸಿಟ್ಟಿನಿಂದ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ವಿಶಾಖಾ ತೀರ್ಪು ಬಂತು.

ಲೋಕಕ್ಕೆಲ್ಲ ನಿಯಮ ಬರೆದುಕೊಟ್ಟ ಈ ವೃತ್ತಿ ತನ್ನ ಮನೆಯೊಳಗೆ ಅದನ್ನು ತಂದುಕೊಂಡಿತೇ? ವಕೀಲರ ಸಂಘಗಳೂ ವಿಶಾಖಾ ನಿಯಮ ಪಾಲಿಸುವಂತೆ ಬಾರ್ ಕೌನ್ಸಿಲ್ ನೋಡಿಕೊಳ್ಳಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2012ರ ಅಕ್ಟೋಬರಿನಲ್ಲಿ. ನಡುವೆ 15 ವರ್ಷ! 2013ರಲ್ಲಿ ಕಾಯಿದೆಯೂ ಬಂತು. ಆದರೂ 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟ್, ಬಾರ್ ಕೌನ್ಸಿಲ್ ವಕೀಲರ ಮಾಲೀಕನಲ್ಲ, ಆದ್ದರಿಂದ ವಕೀಲೆಯರ ದೂರಿಗೆ ಈ ಕಾಯಿದೆಯ ಸಮಿತಿ ಮಾಡಬೇಕಿಲ್ಲ ಎಂದಿತು. ಅವರು ವಕೀಲರ ಕಾಯಿದೆಯಡಿ ದುರ್ನಡತೆಯ ದೂರು ಕೊಡಬಹುದಂತೆ. ಅಂದರೆ ಅದೇ ಸೀನಿಯರ್‌ಗಳ ಮುಂದೆ.

ನಮ್ಮ ಬೆಂಗಳೂರನ್ನೇ ನೋಡಿ. 2024ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ವಿ. ಶ್ರೀಶಾನಂದ, ತುಂಬಿದ ನ್ಯಾಯಾಲಯದಲ್ಲಿ ವಕೀಲೆಯೊಬ್ಬರಿಗೆ ಎದುರು ಕಕ್ಷಿದಾರನ ಒಳಉಡುಪಿನ ಬಣ್ಣ ಎತ್ತಿ ಮಾತಾಡಿದರು. ಆ ದೃಶ್ಯ ನಾಡೆಲ್ಲ ಹರಡಿತು. ಸೆಪ್ಟೆಂಬರ್ 20ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಮರುದಿನ ಅವರು ವಿಷಾದ ಹೇಳಿದರು, 25ಕ್ಕೆ ಪ್ರಕರಣ ಮುಗಿಯಿತು. ಕ್ಯಾಮೆರಾ ಇತ್ತು, ಸರಿ. ತಾಲ್ಲೂಕಿನ ವಕೀಲರ ಆಫೀಸಿನ ಮುಚ್ಚಿದ ಬಾಗಿಲ ಹಿಂದೆ ಯಾವ ಕ್ಯಾಮೆರಾ ಇದೆ?

ಗೆಳೆಯರೇ, ಮೇಷ್ಟ್ರುಗಳೇ, ಇಷ್ಟನ್ನಾದರೂ ನಮ್ಮ ಹುಡುಗಿಯರಿಗೆ ಹೇಳಿಕೊಡೋಣ. 10ಕ್ಕಿಂತ ಕಡಿಮೆ ಜನರ ಆಫೀಸಾದರೆ, ಇಲ್ಲವೇ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿ ಅದನ್ನು ಕೇಳಬೇಕು. ದೂರು ತೆಗೆದುಕೊಳ್ಳಲು ತಾಲ್ಲೂಕಿಗೊಬ್ಬ ಅಧಿಕಾರಿ ಇರಬೇಕು, 7 ದಿನದಲ್ಲಿ ಸಮಿತಿಗೆ ಕಳಿಸಬೇಕು. ದೂರಿಗೆ 3 ತಿಂಗಳ ಗಡುವು. ಟೈಪ್ ಮಾಡುವವಳೂ, ಸಂಬಳವಿಲ್ಲದೆ ಕೆಲಸ ಕಲಿಯುವವಳೂ ಕಾಯಿದೆಯ ಲೆಕ್ಕದಲ್ಲಿ ಉದ್ಯೋಗಿಗಳೇ. ನೆಲಮಂಗಲದಲ್ಲಿ ಆ ಅಧಿಕಾರಿ ಯಾರು ಅಂತ ನಾವೆಲ್ಲ ಒಟ್ಟಾಗಿ ತಾಲ್ಲೂಕು ಕಚೇರಿಗೆ ಹೋಗಿ ಕೇಳೋಣ. ಹೆಸರನ್ನು ಕೋರ್ಟಿನ ಗೋಡೆಗೆ ಬರೆಸೋಣ. ಭಂವರಿ ದೇವಿ ಒಬ್ಬರೇ ನಿಂತರು. ನಮ್ಮ ಹುಡುಗಿ ಒಬ್ಬಳೇ ನಿಲ್ಲಬಾರದು.