ವೇದಾವತಿಯ ಗಡಿ: 1892ರ ಒಪ್ಪಂದ, ಸಖರಾಯಪಟ್ಟಣದ ಕೆರೆ ಮತ್ತು ನಿರ್ವಸಾಹತೀಕರಣದ ಒಂದು ಬಾಕಿ ಪ್ರಶ್ನೆ

ವಸಾಹತು ಆಳ್ವಿಕೆ ಬಿಟ್ಟುಹೋದ ಗಡಿಗಳ ಬಗೆಗಿನ ಚರ್ಚೆ ಕನ್ನಡದಲ್ಲಿ ಹೆಚ್ಚಾಗಿ ಕಾಸರಗೋಡು, ಬೆಳಗಾವಿ, ಬಳ್ಳಾರಿಗಳ ಸುತ್ತಲೇ ನಡೆದಿದೆ. ಒಳನಾಡಿಗೆ ಆ ಪ್ರಶ್ನೆಯೇ ಇಲ್ಲವೆಂಬಂತೆ ನಾವು ಬರೆಯುತ್ತಾ ಬಂದಿದ್ದೇವೆ. ಕಡೂರು ತಾಲ್ಲೂಕಿನ ಸಖರಾಯಪಟ್ಟಣ ಅಂಥ ಒಳನಾಡಿನ ಊರು. 1947ರಲ್ಲಾಗಲಿ 1956ರಲ್ಲಾಗಲಿ ಅದರ ನೆಲದ ಮೇಲೆ ಯಾವ ಗೆರೆಯೂ ಹಾಯಲಿಲ್ಲ. ಆದರೂ ಬ್ರಿಟಿಷ್ ಇಂಡಿಯಾಕ್ಕೂ ಸಂಸ್ಥಾನಕ್ಕೂ ನಡುವೆ ಇದ್ದ ಗಡಿಯೊಂದು ಈ ಸೀಮೆಯಿಂದ ಹರಿದುಹೋಗುವ ನೀರಿನ ಮೇಲೆ ಬಿದ್ದಿತ್ತು. ಭೂಪಟ ಎರಡು ಸಲ ಬದಲಾದ ಮೇಲೂ ಅದರ ತರ್ಕ ಉಳಿದಿದೆ. ಅದನ್ನು ಕನ್ನಡ–ತೆಲುಗು ಜಗಳವಾಗಿ ಓದಿದರೆ ಅರ್ಧ ಸತ್ಯ ಮಾತ್ರ ಸಿಗುತ್ತದೆ ಎಂಬುದು ಈ ಲೇಖನದ ವಾದ.

ಬಾಬಾಬುಡನ್ ಗಿರಿಶ್ರೇಣಿಯ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ಗೌರಿಹಳ್ಳ ಸಖರಾಯಪಟ್ಟಣದ ಸಮೀಪದ ಅಯ್ಯನಕೆರೆಯನ್ನು ತುಂಬಿಸುತ್ತದೆ. ಅಲ್ಲಿಂದ ಮುಂದಕ್ಕೆ ಹರಿಯುವ ವೇದಾ, ಮದಗದಕೆರೆಯಿಂದ ಬರುವ ಆವತಿಯನ್ನು ಕಡೂರಿನ ಬಳಿ ಕೂಡಿಕೊಂಡು ವೇದಾವತಿಯಾಗುತ್ತದೆ. ಹಿರಿಯೂರು, ಚಳ್ಳಕೆರೆಗಳ ಬಯಲನ್ನು ದಾಟಿ, ಹಗರಿ ಎಂಬ ಹೆಸರಿನಲ್ಲಿ ರಾಯದುರ್ಗದ ಸೀಮೆಗೂ ಬಳ್ಳಾರಿಗೂ ಹೋಗಿ ತುಂಗಭದ್ರೆಯನ್ನು ಸೇರುತ್ತದೆ. ಅಯ್ಯನಕೆರೆಯನ್ನು ಕಟ್ಟಿಸಿದವನು ರುಕ್ಮಾಂಗದರಾಯನೆಂದು ಐತಿಹ್ಯ ಹೇಳುತ್ತದೆ. ಹೊಯ್ಸಳ ಒಂದನೇ ನರಸಿಂಹನ ಕಾಲದಲ್ಲಿ, 1156ರಲ್ಲಿ, ಅದರ ಜೀರ್ಣೋದ್ಧಾರವಾಯಿತು. ಏರಿ ಒಡೆಯದಂತೆ ತನ್ನ ಪ್ರಾಣವನ್ನೇ ಕೊಟ್ಟ ನೀರಗಂಟಿಯ ಕಥೆಯನ್ನು ಊರು ಇಂದಿಗೂ ಉಳಿಸಿಕೊಂಡಿದೆ. ಕೆರೆಯನ್ನು ಕಟ್ಟಿದ್ದಕ್ಕಿಂತ ಕಾಯ್ದದ್ದೇ ದೊಡ್ಡದೆಂಬ ತಿಳಿವಳಿಕೆ ಆ ಕಥೆಯಲ್ಲಿದೆ. ಮುಂದಿನ ವಿಚಾರಕ್ಕೆ ಇದು ಮುಖ್ಯ.

ರಾಜಕೀಯ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಬಹುದು. ತರೀಕೆರೆಯ ಪಾಳೆಯಗಾರರೂ ಸೇರಿಕೊಂಡಿದ್ದ ನಗರ ದಂಗೆಯ ನೆಪದಲ್ಲಿ 1831ರಲ್ಲಿ ಮೈಸೂರಿನ ಆಡಳಿತ ಕಂಪನಿಯ ಕೈಸೇರಿತು. ಕಮಿಷನರುಗಳ ಆಡಳಿತದಲ್ಲಿ 1863ರಲ್ಲಿ ಕಡೂರು ಜಿಲ್ಲೆ ರೂಪುಗೊಂಡಿತು. ಎರಡು ವರ್ಷಗಳಲ್ಲೇ ಅದರ ಕೇಂದ್ರ ಚಿಕ್ಕಮಗಳೂರಿಗೆ ಹೋಯಿತು. ಹೆಸರು ಮಾತ್ರ ಬದಲಾಗಲು 1947 ಬರಬೇಕಾಯಿತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತಾದರೂ ಹಸ್ತಾಂತರ ಪತ್ರದ ಷರತ್ತುಗಳು ದೊರೆಯನ್ನು ಸಾರ್ವಭೌಮ ಸರ್ಕಾರದ ಅಧೀನದಲ್ಲೇ ಇಟ್ಟವು.

ಹೀಗೆ ಅಧೀನವಾಗಿದ್ದ ಮೈಸೂರು 18 ಫೆಬ್ರವರಿ 1892ರಂದು ಮದರಾಸು ಸರ್ಕಾರದೊಂದಿಗೆ ನೀರಾವರಿ ಒಪ್ಪಂದ ಮಾಡಿಕೊಂಡಿತು. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಕಾವೇರಿಯ ಚರ್ಚೆಯಲ್ಲಿ ಮಾತ್ರ ನಮಗೆ ನೆನಪಾಗುವ ಈ ಒಪ್ಪಂದದ ಮೊದಲ ಅನುಬಂಧದಲ್ಲಿ ಹದಿನೈದು ಮುಖ್ಯ ನದಿಗಳಿವೆ. ತುಂಗಾ, ಭದ್ರಾ, ತುಂಗಭದ್ರಾಗಳ ಜೊತೆಗೆ ಹಗರಿ ಅಥವಾ ವೇದಾವತಿಯೂ ಅಲ್ಲಿದೆ. ಈ ನದಿಗಳಿಗೆ ಅಡ್ಡಲಾಗಿ ಮೈಸೂರು ಹೊಸ ಜಲಾಶಯ ಕಟ್ಟುವಂತಿಲ್ಲ. ಕಟ್ಟಬೇಕಾದರೆ ಮದರಾಸಿನ ಪೂರ್ವಾನುಮತಿ ಬೇಕು. ಈಗಾಗಲೇ ಬಳಕೆಯಿಂದ ಬಂದು ಜಾರಿಯಲ್ಲಿರುವ ಹಕ್ಕನ್ನು ಕಾಪಾಡುವುದಕ್ಕಲ್ಲದೆ ಮದರಾಸು ಆ ಅನುಮತಿಯನ್ನು ನಿರಾಕರಿಸುವಂತಿಲ್ಲ. ವಿವಾದ ಬಂದರೆ ಪಂಚಾಯಿತಿದಾರರು, ಇಲ್ಲವೇ ಭಾರತ ಸರ್ಕಾರ ತೀರ್ಮಾನಿಸಬೇಕು. ಆ ಭಾರತ ಸರ್ಕಾರವೆಂದರೆ ಮದರಾಸಿನ ಮೇಲಧಿಕಾರಿಯಾಗಿದ್ದ ಬ್ರಿಟಿಷ್ ಸರ್ಕಾರವೇ.

ನನ್ನ ಗಮನ ಹಿಡಿದದ್ದು ಒಪ್ಪಂದದ ಮೊದಲ ನಿಯಮ. ಹಿಂದೆಂದೂ ಇಲ್ಲದಿದ್ದ ಕೆರೆಯಷ್ಟೇ ಅಲ್ಲ, ಇದ್ದೂ ಪಾಳುಬಿದ್ದು 30 ವರ್ಷಕ್ಕಿಂತ ಹೆಚ್ಚು ಕಾಲ ಬಳಕೆ ತಪ್ಪಿದ ಕೆರೆಯೂ ‘ಹೊಸ’ ಕೆರೆಯೇ. ದುರಸ್ತಿ ಎನಿಸಿಕೊಳ್ಳಬೇಕಾದರೆ ನಿಲ್ಲುವ ನೀರೋ ಅಚ್ಚುಕಟ್ಟೋ ಮೊದಲಿಗಿಂತ ಹೆಚ್ಚಾಗಬಾರದು. ಕಡೂರಿನಂಥ ಬರದ ಸೀಮೆಯಲ್ಲಿ ಕೆರೆಯ ಆಯಸ್ಸು ಹೀಗೆ ನಡೆಯುವುದಿಲ್ಲ. ಏರಿ ಒಡೆಯುತ್ತದೆ, ಹೂಳು ತುಂಬುತ್ತದೆ, ಒಂದು ತಲೆಮಾರು ಕಳೆದ ಮೇಲೆ ಯಾರೋ ಮತ್ತೆ ಕಟ್ಟಿಸುತ್ತಾರೆ; ಶಾಸನಗಳಲ್ಲಿ ಜೀರ್ಣೋದ್ಧಾರಕ್ಕೆ ಅಷ್ಟು ಪುಣ್ಯ ಹೇಳಿರುವುದು ಅದಕ್ಕಾಗಿಯೇ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಕಡೂರು ಜಿಲ್ಲಾ ಸಂಪುಟ 1901ರಲ್ಲಿ ಪ್ರಕಟವಾಯಿತು. ಶತಮಾನಗಳ ಅಳತೆಯಲ್ಲಿ ದಾನ, ದತ್ತಿಗಳನ್ನು ದಾಖಲಿಸಿದ ಈ ಶಾಸನಗಳನ್ನು ಅಚ್ಚುಹಾಕಿಸಿದ ಸರ್ಕಾರವೇ, ಅದಕ್ಕೆ ಒಂಬತ್ತು ವರ್ಷ ಮೊದಲು, ತನ್ನ ಕೆರೆಗಳ ಹಕ್ಕನ್ನು 30 ವರ್ಷದ ಅಳತೆಗೆ ಒಪ್ಪಿಸಿತ್ತು. ವಸಾಹತು ಗಡಿಯೆಂದು ನಾನು ಹೇಳುತ್ತಿರುವುದು ಮುಖ್ಯವಾಗಿ ಈ ಕಾಲದ ಅಳತೆಯನ್ನು.

ಇಷ್ಟಕ್ಕೇ ನಿಂತರೆ ಮೈಸೂರಿಗಾದ ಅನ್ಯಾಯದ ಕಥೆಯೊಂದು ಸಿದ್ಧವಾಗುತ್ತದೆ. ಆದರೆ ಅದೇ ನಿಯಮ ಕಾಪಾಡಿದ್ದು ಯಾರನ್ನು? ಹಗರಿಯ ದಂಡೆಯ ರಾಯದುರ್ಗ, ಬಳ್ಳಾರಿಗಳ ರೈತರನ್ನು. ಅವರ ಸೀಮೆ ಕಡೂರಿಗಿಂತಲೂ ಒಣ. ಅವರಲ್ಲಿ ಬಹಳಷ್ಟು ಜನರ ಮಾತು ಕನ್ನಡ. ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳಾದ್ದರಿಂದ ಅವರು ಮದರಾಸಿನ ಪ್ರಜೆಗಳಾಗಿದ್ದರು, ಅಷ್ಟೇ. ಆದ್ದರಿಂದ 1892ರ ಪತ್ರದಲ್ಲಿ ಕನ್ನಡಿಗರ ಹಿತ ಗಡಿಯ ಎರಡೂ ಬದಿಯಲ್ಲಿತ್ತು. ಏಕೀಕರಣದ ಚರಿತ್ರೆಕಾರರು ಇದನ್ನು ಗಂಭೀರವಾಗಿ ಎತ್ತಿಕೊಳ್ಳದಿರುವುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

1 ಅಕ್ಟೋಬರ್ 1953ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಬಂತು. ನದಿಗೆ ಇದರಿಂದ ವಿಚಿತ್ರವಾದ ದಾರಿಯಾಯಿತು. ಕನ್ನಡ ರಾಜ್ಯದಲ್ಲಿ ಹುಟ್ಟಿ, ಭೈರವಾನಿತಿಪ್ಪ ಜಲಾಶಯವಿರುವ ಆಂಧ್ರದ ನೆಲವನ್ನು ಹಾದು, ಮತ್ತೆ ಕನ್ನಡ ರಾಜ್ಯಕ್ಕೆ ಬರುತ್ತದೆ. ಭಾಷೆಯ ಆಧಾರದ ಗಡಿ ಜನರಿಗೆ ಮನೆ ಕೊಟ್ಟಿತು, ನಿಜ. 1956ರ ಸಂಭ್ರಮ ಸುಳ್ಳಲ್ಲ. ನೀರಿನ ಲೆಕ್ಕ ಮಾತ್ರ ಹಳೆಯ ಕಕ್ಷಿದಾರರ ಜಾಗದಲ್ಲಿ ಹೊಸ ರಾಜ್ಯಗಳನ್ನು ಕೂರಿಸಿ ಮುಂದುವರಿಯಿತು. ಕೃಷ್ಣಾ ಕಣಿವೆಯ ನೀರನ್ನು ಹಂಚಿದ ಬಚಾವತ್ ನ್ಯಾಯಮಂಡಳಿ ವೇದಾವತಿಯನ್ನು ಪ್ರತ್ಯೇಕ ಉಪಕಣಿವೆಯಾಗಿ ಗುರುತಿಸಿ, ಕರ್ನಾಟಕಕ್ಕೆ 42 ಟಿಎಂಸಿ, ಆಂಧ್ರಕ್ಕೆ 12.5 ಟಿಎಂಸಿ ಮಿತಿ ಹಾಕಿತು. ಎರಡೂ ಕಡೆಯ ನೀರಾವರಿ ಕಟ್ಟಡಗಳ ರಕ್ಷಣೆಗೆ ಬೇರೆಯೇ ನಿಯಮಾವಳಿ ಬರೆಯಿತು.

ಹೊಸದಾಗಿ ಸ್ವತಂತ್ರವಾದ ದೇಶ ಹಳೆಯ ಒಪ್ಪಂದಕ್ಕೆ ಕಟ್ಟುಬೀಳಬೇಕೇ? 1962ರಲ್ಲಿ ಟಾಂಗನಿಕಾದ ಜೂಲಿಯಸ್ ನೈರೇರೆ ಬ್ರಿಟನ್ನು ಈಜಿಪ್ಟಿನೊಂದಿಗೆ ಮಾಡಿಕೊಂಡಿದ್ದ 1929ರ ನೈಲ್ ಒಪ್ಪಂದವನ್ನು ಒಪ್ಪಲಿಲ್ಲ. ವಸಾಹತು ಕಾಲದ ಕರಾರುಗಳನ್ನು ಎರಡು ವರ್ಷದೊಳಗೆ ಹೊಸದಾಗಿ ಮಾತಾಡಿಕೊಳ್ಳದಿದ್ದರೆ ಅವು ಬಿದ್ದುಹೋಗುತ್ತವೆಂಬುದು ಅವರ ನಿಲುವು. ನಮ್ಮಲ್ಲಿ 1947ರ ಭಾರತ ಸ್ವಾತಂತ್ರ್ಯ ಕಾಯಿದೆಯ 7ನೇ ಕಲಂ ಸಂಸ್ಥಾನಗಳ ಮೇಲಿನ ಬ್ರಿಟಿಷ್ ಸಾರ್ವಭೌಮತ್ವವನ್ನು ಕೊನೆಗೊಳಿಸಿತು. ಕೆಲವು ಬಗೆಯ ಕರಾರುಗಳನ್ನು ಮಾತ್ರ, ಯಾರಾದರೂ ತಿರಸ್ಕರಿಸುವವರೆಗೆ, ಉಳಿಸಿತು. ಮೈಸೂರು 1892ರ ಪತ್ರವನ್ನು ತಿರಸ್ಕರಿಸಲಿಲ್ಲ. 2018ರ ಫೆಬ್ರವರಿಯ ಕಾವೇರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, 1892ರ ಮತ್ತು ಅದೇ ಕಕ್ಷಿಗಳ ನಡುವಿನ 1924ರ ಒಪ್ಪಂದಗಳು ಅಸಮಾನ ಬಲದಿಂದ ಹೇರಿದ ಕರಾರುಗಳೆಂಬ ಕರ್ನಾಟಕದ ವಾದವನ್ನು ಒಪ್ಪಲಿಲ್ಲ. ಕಾನೂನಿನ ದೃಷ್ಟಿಯಿಂದ ಆ ತೀರ್ಪನ್ನು ಅರ್ಥಮಾಡಿಕೊಳ್ಳಬಹುದು: ಟಾಂಗನಿಕಾದ ಪರವಾಗಿ ಬ್ರಿಟನ್ ಸಹಿ ಮಾಡಿತ್ತು, ಇಲ್ಲಿ ಮೈಸೂರು ತಾನೇ ಕಕ್ಷಿದಾರ. ಚರಿತ್ರೆಯ ದೃಷ್ಟಿಯಿಂದ ನಾನು ಒಪ್ಪಲಾರೆ. ಮೈಸೂರಿನ ರಾಜಮನೆತನವನ್ನು 50 ವರ್ಷ ಬದಿಗಿಟ್ಟು, ಷರತ್ತಿನ ಮೇಲೆ ಮರಳಿಸಿದ ಶಕ್ತಿಯ ಎದುರು ಹನ್ನೊಂದನೆಯ ವರ್ಷದಲ್ಲಿ ಕೊಟ್ಟ ಸಮ್ಮತಿಯನ್ನು ಸ್ವತಂತ್ರ ಸಮ್ಮತಿಯೆಂದು ಹೇಗೆ ಎಣಿಸುವುದು?

ಈ ಪ್ರಶ್ನೆ ಈಗ ಅಜ್ಜಂಪುರಕ್ಕೆ ಬಂದು ನಿಂತಿದೆ. ಭದ್ರಾ ಮೇಲ್ದಂಡೆ ಯೋಜನೆ ತುಂಗೆಯಿಂದ 17.4 ಟಿಎಂಸಿ ನೀರನ್ನು ಭದ್ರಾ ಜಲಾಶಯಕ್ಕೆತ್ತಿ, ಒಟ್ಟು 29.9 ಟಿಎಂಸಿಯನ್ನು ಮುಖ್ಯವಾಗಿ ಬರದ ಸೀಮೆಗೆ ಕೊಡಬೇಕೆಂದಿದೆ. ತರೀಕೆರೆ ತಾಲ್ಲೂಕಿನಲ್ಲಿ ಮೇಲೆತ್ತಿದ ನೀರು ಅಜ್ಜಂಪುರದ ಸುರಂಗ ಹಾದು ವೇದಾವತಿಯ ಕಣಿವೆಗಿಳಿಯುತ್ತದೆ. ಅದೇ ನದಿಗೆ ಕಟ್ಟಿ 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿತ್ತು. ಆ ವರ್ಷದ ಭಾರಿ ಮಳೆಯ ಜೊತೆಗೆ ಭದ್ರೆಯ ನೀರೂ ಅದರಲ್ಲಿ ಸೇರಿತ್ತು. ಯೋಜನೆಗೆ ಆಂಧ್ರಪ್ರದೇಶ ಆಕ್ಷೇಪಿಸಿದೆ. 1892ರ ಪಟ್ಟಿಯಲ್ಲಿ ಬೇರೆ ಬೇರೆ ಸಾಲಿನಲ್ಲಿದ್ದ ಭದ್ರಾ ಮತ್ತು ವೇದಾವತಿ ಈಗ ಒಂದು ಸುರಂಗದ ಮೂಲಕ ಕೂಡಿವೆ. ನ್ಯಾಯಮಂಡಳಿಯ ಉಪಕಣಿವೆವಾರು ಮಿತಿಗಳು ಇಂಥ ಕೂಡಿಕೆಗೆ ಹೊಂದುವುದಿಲ್ಲ. ರಾಜ್ಯಗಳ ನಡುವಿನ ವ್ಯಾಜ್ಯದಲ್ಲಿ ಅಯ್ಯನಕೆರೆಯ ರೈತ ಕರ್ನಾಟಕದ ಕಡೆಯವನು, ರಾಯದುರ್ಗದ ಕನ್ನಡಿಗ ರೈತ ಎದುರು ಕಡೆಯವನು. ವೇದಾವತಿಯ ಮೇಲಿನ ಮುಂದಿನ ಯಾವುದೇ ತೀರ್ಮಾನದಲ್ಲಿ ಕಡೂರಿನ ಕೆರೆಗಳ ಹೂಳು, ತೂಬು, ಕೋಡಿಗಳ ದಾಖಲೆಯೂ ಭೈರವಾನಿತಿಪ್ಪದ ಒಳಹರಿವಿನ ದಾಖಲೆಯೂ ಒಟ್ಟಿಗೆ ಪರಿಶೀಲನೆಗೆ ಬರಬೇಕು, ಎರಡೂ ಸೀಮೆಯ ಅಚ್ಚುಕಟ್ಟುದಾರರು ನೇರವಾಗಿ ಅಹವಾಲು ಹೇಳುವಂತಾಗಬೇಕು.